ಕಂಡವರಿಗೆ ಸಲ್ಲಬೇಕಾದ ಹೆಸರು

ಕೀನ್ಯಾ ದೇಶದಲ್ಲಿ ಬ್ರಿಟಿಷರ ಆಳ್ವಿಕೆಯಿದ್ದಾಗಲೇ, 1960ರಲ್ಲಿ, ಲೀಕಿ ದಂಪತಿಗಳ ಬಳಿ ಅಗೆಯುವ ಕೂಲಿಯಾಗಿ ಸೇರಿದ ಕಮೋಯಾ ಕಿಮೆಯು ಅವರು 2022ರಲ್ಲಿ ಕಾಲವಶರಾದರು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಹತ್ತದ ಈ ಪುರುಷರು, 1984ರಲ್ಲಿ ತುರ್ಕಾನಾ ಸರೋವರದ ಪಶ್ಚಿಮಕ್ಕೆ, ಕಲ್ಲುಗಳ ನಡುವೆ ಕಲ್ಲಿನಂತೆಯೇ ಬಿದ್ದಿದ್ದ ಕಪಾಲದ ಚೂರೊಂದನ್ನು ಗುರುತಿಸಿದರು. ಅದರ ಜಾಡು ಹಿಡಿದು ಅಗೆಯಲಾಗಿ, ಸುಮಾರು 15 ಲಕ್ಷ ವರ್ಷಗಳ ಹಿಂದಿನ ಬಾಲಕನೊಬ್ಬನ ಅಸ್ಥಿಪಂಜರವು ಬಹುಮಟ್ಟಿಗೆ ಸಂಪೂರ್ಣವಾಗಿ ದೊರೆಯಿತು. 1985ರಲ್ಲಿ ಅಮೇರಿಕದ ಅಧ್ಯಕ್ಷರ ಕೈಯಿಂದ ಇವರಿಗೆ ಪದಕವು ಬಂದಿತು, ನಿಜ. ಆದರೆ ಅದೇ ವರ್ಷ ಆ ಅಸ್ಥಿಪಂಜರವನ್ನು ಲೋಕಕ್ಕೆ ತಿಳಿಸಿದ ಶಾಸ್ತ್ರೀಯ ಲೇಖನದ ಕರ್ತೃಗಳಲ್ಲಿ ಇವರ ಹೆಸರಿಲ್ಲ. ಪದಕವು ದಾನ, ಹೆಸರು ಹಕ್ಕು. ಪುಸ್ತಕದ ಪಾಂಡಿತ್ಯಕ್ಕೆ ಸಲ್ಲುವ ಮರ್ಯಾದೆಯು ಕಣ್ಣಿನ ಪಾಂಡಿತ್ಯಕ್ಕೂ ಸಲ್ಲತಕ್ಕದ್ದು. ವಿದ್ವತ್ಸಂಸ್ಥೆಗಳು ಇನ್ನಾದರೂ ಈ ನ್ಯಾಯವನ್ನು ಪಾಲಿಸಬೇಕೆಂದು ನಾವು ಆಗ್ರಹಪಡಿಸುತ್ತೇವೆ.