ಗುಂಗುರು ಬೆಳೆಯಲು ಬಿಡಿ

ದಾವಣಗೆರೆಯಲ್ಲಿ ಪಾರ್ಲರ್ ನಡೆಸುವ ನನಗೆ ಸ್ಟ್ರೈಟ್ನಿಂಗ್‌ನಿಂದಲೇ ನಾಲ್ಕು ಕಾಸು ಹೆಚ್ಚು ಸಿಗುತ್ತದೆ. ಆದರೂ ಅದನ್ನು ಬಿಡುತ್ತೇನೆಂದು ಬರುವ ಹುಡುಗಿಯರ ಪರ ನಾನು. ಪರ್ಮನೆಂಟ್ ಸ್ಟ್ರೈಟ್ನಿಂಗ್‌ನ ಕೆಮಿಕಲ್ ಕೂದಲೊಳಗಿನ ಗಂಧಕದ ಬಂಧವನ್ನೇ ಮುರಿಯುತ್ತದೆ. ಎಷ್ಟು ಕೊಬ್ಬರಿ ಎಣ್ಣೆ ತಿಕ್ಕಿದರೂ ಆ ಕೂದಲು ಮತ್ತೆ ಗುಂಗುರಾಗದು. ಹೊಸದು ಬುಡದಿಂದಲೇ ಬರಬೇಕು, ಅದೂ ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಕಷ್ಟವಿರುವುದು ಈ ನಡುವಿನ ಕಾಲದಲ್ಲಿ. ಮೇಲೆ ಗುಂಗುರು, ಕೆಳಗೆ ನೇರ. ಎರಡೂ ಸೇರುವಲ್ಲೇ ಕೂದಲು ತುಂಡಾಗುತ್ತದೆ. ಕಂಡೀಷನರ್ ಹಚ್ಚಿ, ಒದ್ದೆ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಒಮ್ಮೆಲೇ ಗಿಡ್ಡ ಕತ್ತರಿಸುವುದು ಸಲೀಸು ಎಂದರೆ ಜೊತೆಗೆ ಬಂದ ಅಮ್ಮ, "ಅಯ್ಯೋ, ಮದುವೆ ಆಗ್ಲಿ ಸುಮ್ನಿರಮ್ಮ" ಎನ್ನುತ್ತಾರೆ. ಗಂಡಿನ ಕಡೆಯವರು ಟೇಪು ಹಿಡಿದು ಬರುತ್ತಾರೇನೋ!

ಅಮೆರಿಕದ ಕಪ್ಪು ಮಹಿಳೆಯರಿಗೆ ಕೂದಲು ನೇರ ಮಾಡಿಸಿಕೊಳ್ಳುವ ಒತ್ತಡ ಕೆಲಸದ ಜಾಗದಲ್ಲೂ ಇತ್ತು. ಸಹಜ ಕೂದಲಿನ ಕಾರಣಕ್ಕೆ ತಾರತಮ್ಯ ಮಾಡಬಾರದೆಂದು ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನು ತಂದಿತು. ನಮ್ಮ ಹುಡುಗಿಯರಿಗೆ ಅಷ್ಟೆಲ್ಲ ಬೇಡ. ಮದುವೆ ಮನೆಯಲ್ಲಿ ಸಿಕ್ಕ ಅತ್ತೆಯಂದಿರು ಒಂದೆರಡು ವರ್ಷ "ತಲೆ ಬಾಚ್ಕೊಂಡಿಲ್ವೇನೇ?" ಎಂದು ಕೇಳದಿದ್ದರೆ ಸಾಕು.