ಕೈ ಅಡ್ಡ ಹಿಡಿದ ಹುಡುಗ

ಮೇ ತಿಂಗಳ ಎರಡನೆಯ ಶನಿವಾರ. ಬ್ಯಾಂಕಿಗೆ ರಜೆ. ನನಗೆ ಅದರಿಂದ ಆಗಬೇಕಾದ್ದೇನೂ ಇಲ್ಲ, ನಾನು ನಿವೃತ್ತನಾಗಿ ಹದಿನಾಲ್ಕು ವರ್ಷವಾಯಿತು. ಆದರೆ ಮಗನಿಗೆ ಬಿಡುವಿತ್ತು, ಮೊಮ್ಮಗಳ ಬೇಸಿಗೆ ರಜೆ ಮುಗಿಯುತ್ತ ಬಂದಿತ್ತು, ಊರಿನಿಂದ ಒಂದು ಗಂಟೆಯ ದಾರಿಯಲ್ಲಿ ಹೊಸದೊಂದು ವಾಟರ್ ಪಾರ್ಕ್ ಶುರುವಾಗಿತ್ತು. ಇಷ್ಟು ಸಾಕಲ್ಲ, ಹೊರಟೆವು. ನಮ್ಮ ಹಾಗೆ ಊರಿಗೆ ಊರೇ ಹೊರಟಿದೆ ಎಂಬುದು ಪಾರ್ಕಿಂಗ್ ಜಾಗ ನೋಡಿದ ಮೇಲೆ ಗೊತ್ತಾಯಿತು.

ಟಿಕೆಟ್ ಸಾಲು, ಬ್ಯಾಗು ತಪಾಸಣೆಯ ಸಾಲು, ಲಾಕರ್ ಸಾಲು. ಬಳಿಕ ಬಟ್ಟೆಯ ಜಗಳ. ಹತ್ತಿಯ ಬಟ್ಟೆ ಹಾಕಿಕೊಂಡು ನೀರಿಗೆ ಇಳಿಯುವಂತಿಲ್ಲ, ನೈಲಾನ್ ಬಟ್ಟೆಯೇ ಬೇಕು ಎಂದರು. "ದುಡ್ಡು ಕೀಳೋಕೆ ಇದೊಂದು ದಾರಿ" ಎಂದು ಪಕ್ಕದಲ್ಲಿದ್ದವರು ಗೊಣಗಿದರು. ಪೂರ್ತಿ ಹಾಗೇನಲ್ಲ. ಹತ್ತಿಯ ಎಳೆಗಳು ಬಿಟ್ಟುಕೊಂಡು ಫಿಲ್ಟರಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ನೀರು ಕುಡಿದ ಹತ್ತಿ ಬಟ್ಟೆ ಭಾರವಾಗಿ ಜಾರುಬಂಡೆಯಲ್ಲಿ ಹಿಡಿದು ನಿಲ್ಲಿಸುತ್ತದೆ. ನನ್ನಾಕೆ ಸೀರೆಯಲ್ಲೇ ಮರದ ನೆರಳಿನಲ್ಲಿ ಕುಳಿತು, ಎಲ್ಲರ ಚಪ್ಪಲಿ ಕಾಯುವ ಕೆಲಸ ವಹಿಸಿಕೊಂಡಳು. ಆ ದಿನ ಸಾಲಿನಲ್ಲಿ ನಿಲ್ಲದ ಒಬ್ಬಳೇ ಒಬ್ಬಳು ಅವಳು.

ಮೊಮ್ಮಗಳಿಗೆ ಒಂಬತ್ತು ವರ್ಷ. ಅವಳ ಕಣ್ಣು ಎಲ್ಲಕ್ಕಿಂತ ಎತ್ತರದ ನೀಲಿ ಜಾರುಬಂಡೆಯ ಮೇಲೆ. ಒಬ್ಬಳೇ ಸಾಲಿನಲ್ಲಿ ನಿಲ್ಲುವುದು ಬೇಡವೆಂದು ಮೊದಲ ಸಲ ನಾನೇ ಜೊತೆಗೆ ಮೆಟ್ಟಿಲು ಹತ್ತಿದೆ. ಐವತ್ತು ನಿಮಿಷ ಹಿಡಿಯಿತು. ಮೇಲೆ ಹೋದರೆ, ಜಾರುಬಂಡೆಯ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಒಬ್ಬ ಹುಡುಗ ನಿಂತಿದ್ದಾನೆ. ಇಪ್ಪತ್ತು ವರ್ಷವಿರಬಹುದು, ಕೆಂಪು ಬನಿಯನ್ನು, ಕೊರಳಲ್ಲಿ ಸೀಟಿ. ಒಬ್ಬರು ಜಾರಿದರು. ಹುಡುಗ ಕೈ ತೆಗೆಯಲಿಲ್ಲ. ಕೆಳಗೆ ಬಗ್ಗಿ ನೋಡಿದ, ಕಾದ, ಮತ್ತೆ ಕಾದ, ಆಮೇಲೆ ಮುಂದಿನವರನ್ನು ಬಿಟ್ಟ.

"ತಾತ, ದಾರಿ ಖಾಲಿ ಇದೆಯಲ್ಲ, ಯಾಕೆ ಬಿಡ್ತಿಲ್ಲ ಆ ಅಣ್ಣ?" ಎಂದಳು ಪುಟ್ಟಿ. ಹಿಂದಿನವರು ಕೂಗುತ್ತಿದ್ದರು. ನನಗೂ ಮಂಡಿ ನೋಯುತ್ತಿತ್ತು. "ಬೇಗ ಬೇಗ ಬಿಡಪ್ಪ, ಏನು ನಿದ್ದೆ ಮಾಡ್ತಿದ್ದೀಯಾ?" ಎಂದು ನಾನೂ ಕೂಗಿದೆ. ಹುಡುಗ ತಿರುಗಿ ನೋಡಲಿಲ್ಲ.

ಪುಟ್ಟಿ ಜಾರಿದಳು. ನಾನು ಜಾರುವವನಲ್ಲ, ಕಂಬಿ ಹಿಡಿದು ಮೆಟ್ಟಿಲು ಇಳಿದೆ. ಎರಡನೆಯ ಸಲ ಅಪ್ಪನೊಡನೆ ಹೋದಳು. ನಾನು ಕೆಳಗೆ ಟವೆಲ್ ಹಿಡಿದು ನಿಂತು, ಹಳೆಯ ಚಟ ಬಿಡದು ನೋಡಿ, ಗಡಿಯಾರ ನೋಡುತ್ತ ಲೆಕ್ಕ ಹಾಕಲು ತೊಡಗಿದೆ.

ಇಬ್ಬರ ನಡುವೆ ಸುಮಾರು 30 ಸೆಕೆಂಡು. ಅಂದರೆ ನಿಮಿಷಕ್ಕೆ ಇಬ್ಬರು, ಗಂಟೆಗೆ 120 ಜನ. ಏಳು ಗಂಟೆ ಬಿಡುವಿಲ್ಲದೆ ನಡೆಸಿದರೂ 840. ಆ ದಿನ 3,000 ಜನ ಬಂದಿದ್ದರು ಅಂದುಕೊಳ್ಳಿ. ಎಲ್ಲರೂ ಆ ನೀಲಿ ಜಾರುಬಂಡೆಯಲ್ಲಿ ಒಂದೇ ಒಂದು ಸಲ ಜಾರಬೇಕೆಂದರೂ ಮೂರೂವರೆ ದಿನ ಬೇಕು! ಕಟ್ಟಿದವರು ಎಷ್ಟೇ ಕೋಟಿ ಸುರಿದಿರಲಿ, ಎಷ್ಟೇ ದೊಡ್ಡ ಮೋಟಾರು ಹಾಕಿರಲಿ, ಜಾರುಬಂಡೆಯ ವೇಗ ನಿರ್ಧರಿಸುವುದು ಆ ಹುಡುಗನ ಕೈ. 30 ಸೆಕೆಂಡನ್ನು 15 ಮಾಡಿದರೆ ಸಾಲು ಅರ್ಧವಾಗುತ್ತದೆ, ನಿಜ. ಆದರೆ ಮುಂದೆ ಹೋದ ಮಗು ನಡುದಾರಿಯಲ್ಲಿ ಸಿಕ್ಕಿಕೊಂಡಿದ್ದರೆ ಹಿಂದಿನಿಂದ ಎಪ್ಪತ್ತು ಕಿಲೋ ತೂಕದವನು ಬಂದು ಬೀಳುತ್ತಾನೆ.

ಈ ಸಾಲನ್ನೇ ಇಲ್ಲವಾಗಿಸುತ್ತೇವೆ ಎಂದು ಹೊರಟವರೂ ಉಂಟು. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಆರ್ಲ್ಯಾಂಡೊ ಎಂಬ ಊರಿದೆ. ಈಗಿನ ರೀತಿಯ ವಾಟರ್ ಪಾರ್ಕು ಮೊದಲು ಹುಟ್ಟಿದ್ದು ಅಲ್ಲೇ ಎನ್ನುತ್ತಾರೆ. ಜಾರ್ಜ್ ಮಿಲೆ ಎಂಬಾತ 1977ರಲ್ಲಿ ತೆರೆದ 'ವೆಟ್ ಎನ್ ವೈಲ್ಡ್' ಅದು. ನಲವತ್ತು ವರ್ಷ ಓಡಿ 2016ರ ಕೊನೆಯ ದಿನ ಬಾಗಿಲು ಹಾಕಿತು. ಆ ಹೊತ್ತಿಗೆ ಅದರ ಒಡೆತನ ಹೊಂದಿದ್ದ ಯೂನಿವರ್ಸಲ್ ಕಂಪನಿ 2017ರ ಮೇ 25ರಂದು ಅದೇ ಊರಿನಲ್ಲಿ 'ವಾಲ್ಕೆನೊ ಬೇ' ಎಂಬ ಹೊಸ ಪಾರ್ಕು ತೆರೆಯಿತು. ನಡುವೆ 200 ಅಡಿ ಎತ್ತರದ ಕೃತಕ ಜ್ವಾಲಾಮುಖಿ. ಅದಕ್ಕಿಂತ ಹೆಚ್ಚು ಪ್ರಚಾರ ಸಿಕ್ಕಿದ್ದು 'ತಪುತಪು' ಎಂಬ ಕೈಪಟ್ಟಿಗೆ. ಒಳಗೆ ಬಂದ ಪ್ರತಿಯೊಬ್ಬರ ಮಣಿಕಟ್ಟಿಗೂ ಗಡಿಯಾರದಂಥ ಒಂದು ಪಟ್ಟಿ. ನಿಮಗೆ ಬೇಕಾದ ಜಾರುಬಂಡೆಯ ಬಳಿ ಹೋಗಿ, ಅಲ್ಲಿನ ಕಂಬಕ್ಕೆ ಆ ಪಟ್ಟಿ ಮುಟ್ಟಿಸಿದರೆ ನಿಮ್ಮ ಪಾಳಿ ದಾಖಲಾಗುತ್ತಿತ್ತು. ಆಮೇಲೆ ಎಲ್ಲಿ ಬೇಕಾದರೂ ತಿರುಗಾಡಿ. ಸರದಿ ಬಂದಾಗ ಪಟ್ಟಿ ಕೈಯಲ್ಲೇ ನಡುಗಿ ಕರೆಯುತ್ತಿತ್ತು. ಬಿಸಿಲಲ್ಲಿ ಮೆಟ್ಟಿಲ ಮೇಲೆ ನಿಲ್ಲುವುದೇ ಬೇಡ.

ಇದನ್ನು ಓದಿದಾಗ ನನಗೆ ನಗು ಬಂತು. ಇದು ನಮ್ಮ ಹಿತ್ತಾಳೆ ಟೋಕನ್ನಲ್ಲವೇ! ಕಂಪ್ಯೂಟರು ಬರುವ ಮುಂಚೆ ಬ್ಯಾಂಕಿಗೆ ಹೋದವರಿಗೆ ನೆನಪಿರುತ್ತದೆ. ಚೆಕ್ಕು ಕೊಟ್ಟರೆ ಕೌಂಟರಿನಲ್ಲಿ ನಂಬರು ಕೆತ್ತಿದ ದುಂಡನೆಯ ಬಿಲ್ಲೆ ಕೊಡುತ್ತಿದ್ದೆವು. ಚೆಕ್ಕು ಲೆಡ್ಜರಿಗೆ ಹೋಗಿ, ಅಧಿಕಾರಿಯ ಸಹಿಯಾಗಿ, ಕ್ಯಾಷಿಯರ್ ಕೈಗೆ ಬಂದಾಗ ನಂಬರು ಕೂಗುವುದು. ಅಲ್ಲಿಯವರೆಗೆ ಬೆಂಚಿನ ಮೇಲೆ ಕೂರಿ, ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯಿರಿ. ನಡುಗುವ ಸೌಲಭ್ಯ ಮಾತ್ರ ಬಿಲ್ಲೆಗೆ ಇರಲಿಲ್ಲ, ಕ್ಯಾಷಿಯರಿಗೆ ಇತ್ತು.

ವಾಲ್ಕೆನೊ ಬೇಯಲ್ಲಿ ಮೊದಲ ವಾರಗಳಲ್ಲಿ ಏನಾಯಿತು? ಜನ ತುಂಬಿ ತುಳುಕಿದರು. ಕೆಲವು ಜಾರುಬಂಡೆಗಳಿಗೆ ಕಾಯುವ ಸಮಯ ಗಂಟೆಗಟ್ಟಲೆ ಬೆಳೆಯಿತು. ಕೈಪಟ್ಟಿ ಒಂದು ಸಲಕ್ಕೆ ಒಂದೇ ಪಾಳಿ ಹಿಡಿದುಕೊಳ್ಳುತ್ತಿದ್ದುದರಿಂದ ಇನ್ನೊಂದರಲ್ಲಿ ಹೆಸರು ಹಚ್ಚುವಂತೆಯೂ ಇಲ್ಲ. ಹೀಗೆ ಸಾಲಿನಲ್ಲಿ ನಿಲ್ಲದವರೆಲ್ಲ ಎಲ್ಲಿ ಹೋಗಬೇಕು? ತೇಲುವ ಹೊಳೆಗೆ, ಅಲೆಗಳ ಕೊಳಕ್ಕೆ, ತಿಂಡಿ ಅಂಗಡಿಗೆ, ಕುರ್ಚಿಗಳಿಗೆ. ಮೆಟ್ಟಿಲ ಮೇಲಿದ್ದ ಸಾಲು ಪಾರ್ಕಿನ ತುಂಬ ಹರಡಿಕೊಂಡಿತು, ಅಷ್ಟೆ. ಸಾಲಿನಲ್ಲಿ ನಿಂತಿದ್ದರೆ ಮುಂದೆ ಎಷ್ಟು ತಲೆಗಳಿವೆ ಎಂದು ಎಣಿಸಬಹುದು, ಸಾಕಪ್ಪ ಎನಿಸಿದರೆ ಬಿಟ್ಟು ಹೋಗಬಹುದು. ಟೋಕನ್ ಹಿಡಿದವನಿಗೆ ಆ ಸಮಾಧಾನವೂ ಇಲ್ಲ. ನಮ್ಮ ಶಾಖೆಯಲ್ಲೂ ಬೆಂಚಿನ ಮೇಲೆ ಕುಳಿತವರೇ ನಿಂತವರಿಗಿಂತ ಹೆಚ್ಚು ಸಿಡುಕುತ್ತಿದ್ದರು.

ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞ ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿ ಕೆಲಸಕ್ಕಿದ್ದ. ಕಾಯುವ ಸಾಲುಗಳ ಗಣಿತ ಶುರುವಾದದ್ದು 1909ರಲ್ಲಿ ಆತ ಬರೆದ ಲೇಖನದಿಂದ. ಅದರಲ್ಲೊಂದು ಸೋಜಿಗವಿದೆ, ಲೆಕ್ಕ ಇಷ್ಟವಿರುವ ಮಕ್ಕಳು ಗಮನಿಸಿ. ಒಂದು ಕೌಂಟರಿನಲ್ಲಿ ಗಂಟೆಗೆ ಸರಾಸರಿ 20 ಜನರ ಕೆಲಸ ಮುಗಿಯುತ್ತದೆ. ಜನ ತಮಗೆ ತೋಚಿದ ಹೊತ್ತಿಗೆ ಬರುತ್ತಾರೆ, ಒಬ್ಬೊಬ್ಬರ ಕೆಲಸಕ್ಕೆ ಒಂದೊಂದು ಹೊತ್ತು. ಗಂಟೆಗೆ 15 ಜನ ಬಂದರೆ, ಬಂದು ಕೆಲಸ ಮುಗಿಸಿ ಹೋಗಲು ಒಬ್ಬರಿಗೆ ಸರಾಸರಿ 12 ನಿಮಿಷ. 19 ಜನ ಬಂದರೆ? 15 ನಿಮಿಷ, ಬಹಳವೆಂದರೆ 20 ಎಂದು ಊಹಿಸುತ್ತೀರಿ. ಅಲ್ಲ, 60 ನಿಮಿಷ! ನಾಲ್ಕೇ ಜನ ಹೆಚ್ಚಾದದ್ದು, ಹಿಡಿಯುವ ಹೊತ್ತು ಐದು ಪಟ್ಟು. ಇದಕ್ಕೆ ಕೈಪಟ್ಟಿ ಮದ್ದಲ್ಲ. ಇರುವ ಮದ್ದು ಎರಡೇ: ಇನ್ನೊಂದು ಕೌಂಟರು ತೆರೆಯಬೇಕು, ಇಲ್ಲವೇ ಬರುವವರನ್ನು ಬಾಗಿಲಲ್ಲೇ ತಡೆಯಬೇಕು. ವಾಲ್ಕೆನೊ ಬೇಯವರು ತುಂಬಿದ ದಿನ ಬಾಗಿಲು ಹಾಕಿಯೇ ನಿಭಾಯಿಸಬೇಕಾಯಿತು. ದುಡ್ಡು ಹಿಡಿದು ಬಂದವರನ್ನು ವಾಪಸು ಕಳಿಸುವುದು ಹೊಸ ವ್ಯಾಪಾರಕ್ಕೆ ಸುಲಭವಲ್ಲ. ನಾವು ಹೋದ ಪಾರ್ಕಿನಲ್ಲಿ ಮಧ್ಯಾಹ್ನ ಎರಡು ಗಂಟೆಗೂ ಟಿಕೆಟ್ ಹರಿಯುತ್ತಿದ್ದರು.

ಅವಸರಕ್ಕೆ ನಾನೂ ಒಮ್ಮೆ ದಂಡ ತೆತ್ತವನು. 1980ರ ದಶಕ, ತಿಂಗಳ ಮೊದಲ ದಿನ, ಮೇಷ್ಟರುಗಳ ಸಂಬಳ. ಕೌಂಟರಿನ ಮುಂದೆ ನೂಕುನುಗ್ಗಲು. ಯಾರೋ ಬಿಲ್ಲೆಯಿಂದ ಕೌಂಟರಿನ ಹಲಗೆಗೆ ಟಣ್ ಟಣ್ ಎಂದು ಕುಟ್ಟುತ್ತಿದ್ದರು. ಒಳಗಿನಿಂದ ಮ್ಯಾನೇಜರ್ ಸಾಹೇಬರು "ಬೇಗ, ಬೇಗ" ಎನ್ನುತ್ತಿದ್ದರು. ಪ್ರತಿ ಪಾವತಿಯನ್ನೂ ಎರಡು ಸಲ ಎಣಿಸಬೇಕು ಎಂಬುದು ನಿಯಮ. ಎರಡನೆಯ ಸಲ ಬಿಟ್ಟೆ. ಸಂಜೆ ನಗದು ತಾಳೆ ನೋಡಿದರೆ 4,000 ರೂಪಾಯಿ ಕಡಿಮೆ. ಹತ್ತರ ನೋಟಿನ ಕಟ್ಟು ಕೊಡಬೇಕಾದಲ್ಲಿ ಐವತ್ತರ ಕಟ್ಟು ಕೊಟ್ಟಿದ್ದೆ. ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು. ಯಾರೂ ತಂದು ಕೊಡಲಿಲ್ಲ. ಕಂತಿನಲ್ಲಿ ಕಟ್ಟಿದೆ. ಬಿಲ್ಲೆ ಕುಟ್ಟಿದವರು ಒಂದು ಕಂತನ್ನೂ ಕಟ್ಟಲಿಲ್ಲ.

ಜಾರುಬಂಡೆಯ ಮೇಲೆ ತಪ್ಪಿದರೆ ಕಂತು ಕಟ್ಟಿ ಮುಗಿಸಲಾಗದು. ಇದು ತಲೆಗೆ ಹೊಳೆಯುವ ಹೊತ್ತಿಗೆ ನಾನು ಆ ಹುಡುಗನಿಗೆ ಕೂಗಿ ಗಂಟೆಯಾಗಿತ್ತು.

ಜೀವರಕ್ಷಕರ ಕೆಲಸಕ್ಕೆ ಹಲವು ಕಡೆ 10/20 ಎಂಬ ಅಳತೆಯುಂಟು. ತನ್ನ ಪಾಲಿನ ನೀರನ್ನೆಲ್ಲ 10 ಸೆಕೆಂಡಿಗೊಮ್ಮೆ ಕಣ್ಣಾಡಿಸಿ ಮುಗಿಸಬೇಕು, ಆಪತ್ತು ಕಂಡರೆ 20 ಸೆಕೆಂಡಿನಲ್ಲಿ ಅಲ್ಲಿರಬೇಕು. ಸಿನಿಮಾದಲ್ಲಿ ಮುಳುಗುವವರು ಕೈ ಬಡಿದು ಕೂಗುತ್ತಾರೆ. ನಿಜದಲ್ಲಿ ಮುಳುಗುವ ಮಗು ಕೂಗುವುದಿಲ್ಲ, ಉಸಿರಿಗೇ ಬಾಯಿ ಸಾಲದು. ನೂರಾರು ಮಕ್ಕಳು ಕಿರುಚುವ ಅಲೆಗಳ ಕೊಳದಲ್ಲಿ ಸದ್ದಿಲ್ಲದ ಆ ಒಂದು ತಲೆಯನ್ನು ಹುಡುಕಬೇಕು. ನಾನು ಲೆಡ್ಜರಿನಲ್ಲಿ ತಪ್ಪು ಹುಡುಕಿದವನು, ಅರ್ಧ ಗಂಟೆಯ ಮೇಲೆ ಕಣ್ಣು ಅಂಕಿಯ ಮೇಲಿದ್ದರೂ ಮನಸ್ಸು ಇರುವುದಿಲ್ಲ ಎಂದು ಬಲ್ಲೆ. ಅದಕ್ಕೇ ಇವರನ್ನು ಆಗಾಗ ಬದಲಾಯಿಸುತ್ತಿರಬೇಕು.

ನೀರಿನ ಕಥೆಯೂ ಹಾಗೆಯೇ. ಜನ ಹೆಚ್ಚಾದಷ್ಟೂ ಬೆವರು, ಎಣ್ಣೆ, (ಮಕ್ಕಳೇ, ಮುಖ ತಿರುಗಿಸಬೇಡಿ) ಉಚ್ಚೆ ಎಲ್ಲ ಸೇರಿ ಕ್ಲೋರಿನ್ ಬೇಗ ಖರ್ಚಾಗುತ್ತದೆ. ಕಣ್ಣುರಿಸುವ ಘಾಟು ವಾಸನೆ ಕ್ಲೋರಿನ್ ಹೆಚ್ಚಾಗಿದೆ ಎಂಬುದರ ಗುರುತಲ್ಲ, ಅದು ಈ ಕೊಳೆಯ ಜೊತೆ ಸೇರಿ ಕ್ಲೋರಮಿನ್ ಆಗಿದೆ ಎಂಬುದರ ಗುರುತು. ಜನ ತುಂಬಿದ ದಿನವೇ ನೀರನ್ನು ಹೆಚ್ಚು ಸಲ ಪರೀಕ್ಷಿಸಬೇಕು, ಪರೀಕ್ಷಿಸುವವನಿಗೆ ಬಿಡುವಿಲ್ಲದ್ದೂ ಆ ದಿನವೇ. 1998ರ ಬೇಸಿಗೆಯಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ವಾಟರ್ ಪಾರ್ಕಿನಲ್ಲಿ ಪುಟ್ಟ ಮಕ್ಕಳ ಕೊಳದಿಂದ ಇ. ಕೊಲೈ ಸೋಂಕು ಹರಡಿ 26 ಮಂದಿ ಕಾಯಿಲೆ ಬಿದ್ದರು. ಒಂದು ಮಗು ಉಳಿಯಲಿಲ್ಲ. ಆದ್ದರಿಂದ ನೀರಿಗಿಳಿಯುವ ಮುಂಚೆ ಸ್ನಾನ ಮಾಡಿ ಎಂದರೆ ಮಾಡಿ, ಹೊಟ್ಟೆ ಕೆಟ್ಟಿದ್ದರೆ ಮನೆಯಲ್ಲೇ ಇರಿ.

ಮತ್ತೆ ನೀಲಿ ಜಾರುಬಂಡೆಗೆ ಬರುತ್ತೇನೆ. ಪುಟ್ಟಿ ಎರಡನೆಯ ಸಲ ಜಾರಿ ಬಂದು ಕೆಳಗಿನ ಕೊಳಕ್ಕೆ ಬಿದ್ದಳು. ಎದ್ದಳು, ತಲೆ ಮುಟ್ಟಿಕೊಂಡಳು, ಮತ್ತೆ ನೀರೊಳಗೆ ಮುಳುಗಿದಳು. ಅವಳ ಅಜ್ಜಿ ಜಾತ್ರೆಯಲ್ಲಿ ಕೊಡಿಸಿದ ಚಿಟ್ಟೆಯ ಕ್ಲಿಪ್ಪು ಬಿದ್ದುಹೋಗಿತ್ತು, ಅದನ್ನು ಹುಡುಕುತ್ತಿದ್ದಾಳೆ, ಜಾರುಬಂಡೆಯ ಬಾಯಿಗೆ ನೇರವಾಗಿ! ನಾನು ಕೂಗಿದ್ದು ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲ. ದಡದಲ್ಲಿದ್ದ ಲೈಫ್‌ಗಾರ್ಡ್ ಹುಡುಗಿ ಸೀಟಿ ಊದಿ, ಎರಡು ಕೈಗಳನ್ನೂ ತಲೆಯ ಮೇಲೆ ಅಡ್ಡ ಮಾಡಿ ಹಿಡಿದಳು. ಮೇಲೆ ನೋಡಿದೆ. ದಪ್ಪನೆಯ ಯುವಕನೊಬ್ಬ ಆಗಲೇ ಜಾರುಬಂಡೆಯ ಬಾಯಲ್ಲಿ ಕುಳಿತಿದ್ದ, ಹಿಂದಿನವರು ಹೋ ಎಂದು ಅರಚುತ್ತಿದ್ದರು. ಅವನ ಎದೆಗೆ ಆ ಹುಡುಗನ ಕೈ ಅಡ್ಡ ಇತ್ತು. ಪುಟ್ಟಿಯನ್ನು ಕೈಹಿಡಿದು ಮೇಲೆ ಎಳೆಯುವವರೆಗೆ ಕದಲಲಿಲ್ಲ. ಒಂದು ನಿಮಿಷವೋ ಎರಡೋ, ಆ ಹೊತ್ತಿನಲ್ಲಿ ಗಡಿಯಾರ ನೋಡಲು ನನಗೆ ತೋಚಲಿಲ್ಲ.

ಮೂರು ಗಂಟೆಯ ಮೇಲೆ ಲಾಕರ್ ಕೋಣೆಯ ಹಿಂದೆ ಆ ಹುಡುಗ ಒಬ್ಬನೇ ಕುಳಿತು ಚಿತ್ರಾನ್ನ ತಿನ್ನುತ್ತಿದ್ದ. ಪಾದಗಳು ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು. ಹೋಗಿ ಪಕ್ಕದಲ್ಲಿ ಕುಳಿತೆ.

"ಬೆಳಿಗ್ಗೆ ನಾನೂ ಕೂಗಿದೆನಪ್ಪ, ತಪ್ಪಾಯಿತು" ಎಂದೆ.

"ಎಲ್ಲರೂ ಕೂಗ್ತಾರೆ ಸಾರ್, ನಂಗೆ ನಿಮ್ಮ ನೆನಪೂ ಇಲ್ಲ" ಎಂದ. ಬಿ.ಕಾಂ. ಎರಡನೆಯ ವರ್ಷವಂತೆ. ನಾನೂ ಬಿ.ಕಾಂ. ಎಂದೆ. ಅರ್ಧ ಗಂಟೆಗೊಮ್ಮೆ ಬದಲಾಯಿಸಬೇಕಂತೆ, ಆದರೆ ಇಬ್ಬರು ಬಂದಿರಲಿಲ್ಲ, ಹತ್ತೂವರೆಯಿಂದ ಅವನೇ ನಿಂತಿದ್ದ. "ಮೇಲಿನವರು ಹೇಳ್ತಾರೆ, ಸಾಲು ಬೆಳೀತಿದೆ, ಬೇಗ ಬಿಡು ಅಂತ. ಕೆಳಗಿಂದ ಅಕ್ಕ ಕೈ ತೋರಿಸದೆ ನಾನು ಬಿಡಲ್ಲ ಸಾರ್" ಎಂದ. ಪಾರ್ಕಿನ ಕಚೇರಿಯಲ್ಲಿ ಸಲಹೆ ಬರೆಯುವ ಪುಸ್ತಕ ಇದೆಯೇ ಎಂದು ವಿಚಾರಿಸಿ, ಇಬ್ಬರು ಬಾರದ ದಿನ ಆ ಜಾರುಬಂಡೆ ಮುಚ್ಚಿರಿ ಎಂದು ಒಂದು ಪುಟ ಬರೆದು, ನನ್ನ ಫೋನ್ ನಂಬರನ್ನೂ ಹಾಕಿ ಬಂದೆ. ಇನ್ನೂ ಯಾರೂ ಕರೆ ಮಾಡಿಲ್ಲ.

ಪುಟ್ಟಿ ಬಂದು ಕ್ಲಿಪ್ಪಿನ ವಿಷಯ ಕೇಳಿದಳು. "ಅದು ಪಂಪಿನ ಜಾಲರಿ ಬುಟ್ಟಿಗೆ ಬಂದು ಬೀಳುತ್ತೆ ಪುಟ್ಟಿ, ಸಂಜೆ ನೀರು ನಿಲ್ಲಿಸಿದ ಮೇಲೆ ನೋಡ್ತೀವಿ, ಆರೂವರೆಗೆ ಗೇಟ್ ಹತ್ತಿರ ಇರು" ಎಂದ. ಮಗ ಟ್ರಾಫಿಕ್ ಆಗುತ್ತದೆ ಎಂದು ಅವಸರಿಸಿದ. ಅವಳು ಏಳಲಿಲ್ಲ. ಗೇಟಿನ ಕಟ್ಟೆಯ ಮೇಲೆ ಅಜ್ಜಿ, ತಾತ, ಮೊಮ್ಮಗಳು ಸಾಲಾಗಿ ಕುಳಿತು ಆರೂವರೆಯವರೆಗೆ ಕಾದೆವು.