ಡಿಗ್ರಿ ಕೈಲಿದೆ, ಗುರುತಿನವರು ಯಾರಿದ್ದಾರೆ?

ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೂ ಬರವಿಲ್ಲ, ಎಂಜಿನಿಯರುಗಳಿಗೂ ಬರವಿಲ್ಲ. 1951ರಲ್ಲೇ ಎಂಜಿನಿಯರಿಂಗ್ ಕಾಲೇಜು ಕಂಡ ಊರಿದು. ಆಮೇಲೆ ಬಂದ ಕಾಲೇಜುಗಳ ಲೆಕ್ಕ ಬೇರೆ. 2009ರಿಂದ ಊರಿಗೆ ತನ್ನದೇ ವಿಶ್ವವಿದ್ಯಾಲಯವೂ ಇದೆ. ವರ್ಷಾ ವರ್ಷ ಪದವೀಧರರು ಹೊರಬೀಳುತ್ತಾರೆ. ಹೊರಬಿದ್ದ ಮೇಲೆ ಎಲ್ಲಿಗೆ ಹೋಗಬೇಕು ಅನ್ನೋದೇ ಪ್ರಶ್ನೆ.

ಒಂದು ಕಾಲಕ್ಕೆ ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. ಬಟ್ಟೆ ಮಿಲ್ಲಿನೊಳಗೆ ಅಣ್ಣನಿದ್ದರೆ ತಮ್ಮನಿಗೆ ದಾರಿ ಗೊತ್ತಾಗುತ್ತಿತ್ತು. ಮಿಲ್ಲುಗಳು ಮುಚ್ಚಿದವು. ಕೆಲಸದ ಜೊತೆಗೆ ಕೆಲಸದ ಸುದ್ದಿ ತರುವ ದಾರಿಯೂ ಮುಚ್ಚಿತು. ಈಗ ಓದಿದವರಿಗೆ ಕೆಲಸ ಇರೋದು ಬೆಂಗಳೂರಲ್ಲಿ, ಪುಣೆಯಲ್ಲಿ, ಹೈದರಾಬಾದಲ್ಲಿ. ಅಲ್ಲಿ ಯಾವ ಕಂಪನಿಯಲ್ಲಿ ಯಾವ ಕುರ್ಚಿ ಖಾಲಿ ಇದೆ ಅಂತ ಇಲ್ಲಿನ ಹಮಾಲರ ಮಗನಿಗೆ ಯಾರು ಹೇಳಬೇಕು?

ಸರ್ಕಾರ ಹೇಳಬೇಕಿತ್ತು. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಲೇಬೇಕು ಅಂತ 1959ರಲ್ಲಿ ಕಾಯಿದೆಯನ್ನೇ ಮಾಡಿತು. ಆದರೆ ಆ ಕಾಯಿದೆಯಲ್ಲೇ ಒಂದು ಕಿಂಡಿ ಇತ್ತು. ತಿಳಿಸುವುದು ಕಡ್ಡಾಯ, ಅಲ್ಲಿಂದಲೇ ಆರಿಸುವುದು ಕಡ್ಡಾಯವಲ್ಲ! ಎಂಪ್ಲಾಯ್‌ಮೆಂಟ್ ಕಾರ್ಡು ಮಾಡಿಸಿ, ರಿನ್ಯೂ ಮಾಡಿಸಿ, ಕರೆ ಬರುತ್ತದೆ ಅಂತ ಕಾದು ತಲೆ ಬೆಳ್ಳಗಾದವರನ್ನು ಯಾವ ಓಣಿಯಲ್ಲಾದರೂ ಕೇಳಿ ನೋಡಿ. 2015ರಲ್ಲಿ ಕೇಂದ್ರ ಸರ್ಕಾರ ಇದೇ ಕೆಲಸಕ್ಕೆ ಕಂಪ್ಯೂಟರು ಹಚ್ಚಿ, ರಾಷ್ಟ್ರೀಯ ವೃತ್ತಿ ಸೇವೆ ಅಂತ ಹೆಸರಿಟ್ಟಿತು. 2024ರ ಜನವರಿ 12ರಂದು ಪಕ್ಕದ ಶಿವಮೊಗ್ಗದಲ್ಲಿ ರಾಜ್ಯ ಸರ್ಕಾರ ಯುವನಿಧಿ ಶುರು ಮಾಡಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ದುಡ್ಡು ಯಾರಿಗೆ ಬೇಡ ಸ್ವಾಮಿ? ಫೋನಿನ ರೀಚಾರ್ಜಿಗೆ, ಅರ್ಜಿ ಫೀಸಿಗೆ ಆಗುತ್ತದೆ. ಆದರೆ ಫೋನು ಯಾರಿಗೆ ಮಾಡಬೇಕು ಅಂತ ಅದು ಹೇಳುವುದಿಲ್ಲ.

ವಶೀಲಿ ಬೇರೆ, ಪರಿಚಯ ಬೇರೆ

ಗುರುತಿನವರು ಅಂದ ಕೂಡಲೇ ನಮ್ಮ ಜನ ವಶೀಲಿ ಅಂದುಕೊಳ್ಳುತ್ತಾರೆ. ಒಂದೋ ಎಂಎಲ್‌ಎ ಲೆಟರ್‌ಹೆಡ್ಡು, ಇಲ್ಲವೇ ಕವರಿನೊಳಗಿನ ದುಡ್ಡು. ಅಡ್ಡದಾರಿಯ ಗತಿ ಏನು ಅಂತ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಇಡೀ ರಾಜ್ಯಕ್ಕೆ ತೋರಿಸಿತು. 2021ರ ಅಕ್ಟೋಬರಿನಲ್ಲಿ ನಡೆದದ್ದು 2022ರ ಏಪ್ರಿಲಿನಲ್ಲಿ ರದ್ದಾಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದವರ ಶ್ರಮವೂ ಕಳ್ಳರ ಜೊತೆಗೇ ಕೊಚ್ಚಿಹೋಯಿತು.

ಯೋಗ್ಯತೆ ಇಲ್ಲದವನನ್ನು ಕುರ್ಚಿಯಲ್ಲಿ ಕೂರಿಸೋದು ವಶೀಲಿ. ‘ಇಲ್ಲೊಂದು ಕುರ್ಚಿ ಖಾಲಿ ಇದೆ, ಇಂಥಿಂಥದು ಗೊತ್ತಿರಬೇಕು ಅಂತಾರೆ, ಅರ್ಜಿ ಹಾಕಪ್ಪ’ ಅಂತ ಹೇಳೋದು ಪರಿಚಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರಿಂದಲೇ ಮರ್ಯಾದಸ್ಥರ ಮಕ್ಕಳು ಬಾಯಿಬಿಟ್ಟು ಕೇಳಲು ನಾಚುತ್ತಾರೆ. ನಾಚದವರು ಮುಂದೆ ಹೋಗುತ್ತಾರೆ.

ಅಮೆರಿಕದಲ್ಲಿ ಮಾರ್ಕ್ ಗ್ರ್ಯಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಬಾಸ್ಟನ್ ಹತ್ತಿರದ ನ್ಯೂಟನ್ ಊರಿನಲ್ಲಿ, ಜನಕ್ಕೆ ಕೆಲಸ ಸಿಕ್ಕಿದ್ದು ಹೇಗೆ ಅಂತ ವಿಚಾರಿಸಿದ. 1973 ಮತ್ತು 1974ರಲ್ಲಿ ಅದನ್ನು ಪ್ರಕಟಿಸಿದ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸ ಸಿಕ್ಕಿದ್ದು ಪರಿಚಯದವರ ಮೂಲಕ. ಸೋಜಿಗ ಅದಲ್ಲ. ಹಾಗೆ ದಾರಿ ತೋರಿಸಿದವರಲ್ಲಿ ದಿನಾ ಜೊತೆಗಿರುವ ಆಪ್ತರು ನೂರಕ್ಕೆ ಸುಮಾರು 17 ಮಾತ್ರ. ಉಳಿದವರೆಲ್ಲ ಅಪರೂಪಕ್ಕೆ ಕಾಣುವವರು. ಯಾಕೆ ಅಂತೀರಾ? ನಮ್ಮ ಗೆಳೆಯನಿಗೆ ಗೊತ್ತಿರೋದು ನಮಗೂ ಗೊತ್ತಿರುತ್ತದೆ. ಅದೇ ಕಟ್ಟೆ, ಅದೇ ಚಹಾ, ಅದೇ ಸುದ್ದಿ. ಹೊಸ ಸುದ್ದಿ ಬರೋದು ದೂರದವರಿಂದ.

2022ರಲ್ಲಿ ಲಿಂಕ್ಡ್‌ಇನ್ ತಾಣದ ಸುಮಾರು 2 ಕೋಟಿ ಬಳಕೆದಾರರನ್ನು ಇಟ್ಟುಕೊಂಡು ಮಾಡಿದ ಅಧ್ಯಯನವೊಂದು ಸೈನ್ಸ್ ಪತ್ರಿಕೆಯಲ್ಲಿ ಬಂತು. ಅದೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಆದರೆ ಒಂದು ತಿದ್ದುಪಡಿ: ಕಂಪ್ಯೂಟರು ಹೆಚ್ಚು ಬಳಸುವ ಉದ್ಯಮಗಳಲ್ಲಿ ದೂರದ ಪರಿಚಯ ಕೆಲಸಕ್ಕೆ ಬರುತ್ತದೆ, ಅಷ್ಟಾಗಿ ಬಳಸದ ಕಡೆ ಹತ್ತಿರದವರೇ ನೆರವಾಗುತ್ತಾರೆ. ಅಂದರೆ ಮಂಡಿಯಲ್ಲಿ ಗುಮಾಸ್ತನಾಗಲು ಮಾವನ ಮಾತು ಸಾಕು. ಸಾಫ್ಟ್‌ವೇರ್ ಕಂಪನಿಗೆ ಮಾವ ಏನು ಹೇಳಿಯಾನು?

ಈ ಲಿಂಕ್ಡ್‌ಇನ್ 2003ರಲ್ಲಿ ಶುರುವಾದದ್ದು. ಯಾರು ಎಲ್ಲಿ ಕೆಲಸದಲ್ಲಿದ್ದಾರೆ ಅನ್ನೋದು ಅಲ್ಲಿ ಬಯಲಲ್ಲೇ ಇರುತ್ತದೆ. ಕಾಲೇಜಿನ ಹೆಸರು ಹಾಕಿ ಹುಡುಕಿದರೆ ಹಳೇ ವಿದ್ಯಾರ್ಥಿಗಳು ಸಾಲಾಗಿ ಕಾಣುತ್ತಾರೆ. ಖಾತೆ ತೆರೆಯಲು ಕಾಸು ಬೇಡ. ನಮ್ಮ ಹುಡುಗರು ಎಡವೋದು ಅದರ ನಂತರ. ಕಂಡವರಿಗೆಲ್ಲ ‘ಸರ್, ಕೆಲಸ ಕೊಡ್ಸಿ’ ಅಂತ ಒಂದೇ ಸಾಲು ಕಳಿಸಿದರೆ ಉತ್ತರ ಎಲ್ಲಿಂದ ಬರಬೇಕು? ‘ಸರ್, ನಾನೂ ದಾವಣಗೆರೆಯವನು, ನಿಮ್ಮ ಕಾಲೇಜಿನವನೇ. ನಿಮ್ಮ ಕೆಲಸಕ್ಕೆ ಬರಬೇಕಾದರೆ ಏನು ಕಲಿತಿರಬೇಕು, ಹತ್ತು ನಿಮಿಷ ಹೇಳ್ತೀರಾ?’ ಅಂತ ಕೇಳಿ ನೋಡಲಿ. ಕೆಲಸ ಕೊಡಿಸುವುದು ಎಲ್ಲರ ಕೈಲಿಲ್ಲ. ಹತ್ತು ನಿಮಿಷ ಮಾತಾಡುವುದು ಎಲ್ಲರ ಕೈಲಿದೆ.

ಇನ್ನೊಂದು ಸಂಗತಿ. ಒಳಗಿನ ನೌಕರರು ಹೊರಗಿನವರ ಹೆಸರು ಸೂಚಿಸುವ ಪದ್ಧತಿ ಎಷ್ಟೋ ಕಂಪನಿಗಳಲ್ಲಿದೆ. ರೆಫರಲ್ ಅನ್ನುತ್ತಾರೆ. ಸೂಚಿಸಿದವನು ಆಯ್ಕೆಯಾದರೆ ಹಲವು ಕಡೆ ಆ ನೌಕರನಿಗೆ ಕಂಪನಿಯೇ ಬಹುಮಾನದ ದುಡ್ಡು ಕೊಡುತ್ತದೆ. ಹಾಗಾಗಿ ಕೇಳುವುದು ಭಿಕ್ಷೆ ಅಲ್ಲ. ರೆಫರಲ್ ಸಿಕ್ಕರೂ ಇಂಟರ್‌ವ್ಯೂ ತಪ್ಪುವುದಿಲ್ಲ. ರೆಫರ್ ಮಾಡ್ತೀನಿ, ಇಷ್ಟು ಕೊಡು ಅಂತ ಕೈಚಾಚಿದವನು ಮಾತ್ರ ದಗಾಕೋರ. ಅಂಥವನಿಗೆ ಹೊಲ ಮಾರಿ ದುಡ್ಡು ಕೊಡಬೇಡಿ.

ಯಾರ ಗುರುತು ಯಾರಿಗೆ?

ಇಷ್ಟೆಲ್ಲ ಹೇಳಿದ ಮೇಲೂ ಕಹಿ ಸತ್ಯ ಒಂದಿದೆ. ಪರಿಚಯವೂ ಆಸ್ತಿಯ ಹಾಗೆಯೇ, ಇದ್ದವರಿಗೇ ಇರುತ್ತದೆ. ಡಾಕ್ಟರ ಮಗನಿಗೆ ಅಪ್ಪನ ಕ್ಲಾಸ್‌ಮೇಟು ಇದ್ದಾನೆ. ದೊಡ್ಡ ಜಾತಿಗೆ ದೊಡ್ಡ ಹಾಸ್ಟೆಲು, ಅದರಲ್ಲಿ ಓದಿ ಮೇಲೆ ಹೋದ ತಲೆಮಾರುಗಳು ಇವೆ. ಮನೆಯಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದ ದಲಿತ ಹುಡುಗನಿಗೆ, ಬೀಡಿ ಕಟ್ಟುವ ತಾಯಿಯ ಮಗಳಿಗೆ ಯಾರಿದ್ದಾರೆ? ಅಪರಿಚಿತ ಗಂಡಸಿಗೆ ಮೆಸೇಜು ಕಳಿಸು ಅಂತ ಆ ಮಗಳಿಗೆ ಬುದ್ಧಿ ಹೇಳುವುದು ಸುಲಭ. ಮನೆಯಲ್ಲಿ ಏಟು ತಿನ್ನೋಳು ಅವಳು.

ಈ ಕೊರತೆ ತುಂಬುವುದು ಕಾಲೇಜುಗಳ ಹೊಣೆ. ಹಳೇ ವಿದ್ಯಾರ್ಥಿ ಸಂಘ ಅಂದರೆ ವರ್ಷಕ್ಕೊಂದು ಊಟ, ಒಂದು ಶಾಲು, ಒಂದು ಗ್ರೂಪ್ ಫೋಟೋ ಅಷ್ಟೇ ಆದರೆ ಸಾಲದು. ಯಾವ ಬ್ಯಾಚಿನವರು ಎಲ್ಲಿದ್ದಾರೆ, ಅವರಲ್ಲಿ ಮಕ್ಕಳ ಜೊತೆ ಮಾತಾಡಲು ಒಪ್ಪುವವರು ಯಾರು ಅನ್ನೋ ಪಟ್ಟಿ ಆಗಬೇಕು. ಅದರಲ್ಲಿ ಹೆಣ್ಣುಮಕ್ಕಳೂ ಇರಬೇಕು. ಕೊನೇ ವರ್ಷದ ಪ್ರತಿ ವಿದ್ಯಾರ್ಥಿಗೂ, ಮೊದಲು ಸರ್ಕಾರಿ ಹಾಸ್ಟೆಲಿನವರಿಗೆ, ಇಬ್ಬರಾದರೂ ಹಿರಿಯರ ಪರಿಚಯ ಮಾಡಿಸಬೇಕು. ಇದಕ್ಕೆ ಬಜೆಟ್ಟೂ ಬೇಡ, ಮಂತ್ರಿಗಳ ಉದ್ಘಾಟನೆಯೂ ಬೇಡ.

ಬೆಂಗಳೂರಿನಲ್ಲಿ ನೆಲೆಯಾದ ನಮ್ಮೂರಿನವರು ದುಗ್ಗಮ್ಮನ ಜಾತ್ರೆಗೆ ಎರಡು ವರ್ಷಕ್ಕೊಮ್ಮೆ ತಪ್ಪದೆ ಬರುತ್ತಾರೆ. ಹಣ್ಣುಕಾಯಿ ಆದ ಮೇಲೆ ಒಂದು ಸಂಜೆ ಯಾವುದಾದರೂ ಹಾಸ್ಟೆಲಿಗೆ ಹೋಗಿ ಕೂತು ಬರಲಿ. ಜೇಬಿಗೆ ಕೈ ಹಾಕುವುದು ಬೇಡ. ‘ಏನಪ್ಪಾ ಓದ್ತಿದ್ದೀ, ತಗೋ ನನ್ನ ನಂಬರ್’ ಅಂದರೆ ಸಾಕು.